ಅಂಗಿಯ ತೋಳು ಎದ್ದಿತ್ತು

ಕೆಲವರು ಬರುವ ಮುಂಚೆ ಅವರ ಚಪ್ಪಲಿಯ ಸದ್ದು ಬರುತ್ತದೆ, ಕೆಲವರು ಬರುವ ಮುಂಚೆ ಅವರ ಕೆಮ್ಮು. ಅವನಿಗಿಂತ ಮುಂಚೆ ಬಂದದ್ದು ಒಂದು ಮರದ ಪೆಟ್ಟಿಗೆ.

ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಂತಿದ್ದ. ಇಸ್ತ್ರಿ ಮಾಡಿದ ಬೂದು ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಗಲಲ್ಲಿ ಹಿತ್ತಾಳೆಯ ಕೊಂಡಿ ಹಾಕಿದ ಆ ಪೆಟ್ಟಿಗೆ. ಅದನ್ನು ಕಂಡದ್ದೇ ತಡ, ಗಲ್ಲಾದಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದ ಅತ್ತೆಯ ಕಡ್ಡಿ ನಿಂತಿತು.

"ಅಳತೆ-ತೂಕದ ಆಫೀಸಿನವರು ಕಣೇ. ಹೋದ ವಾರ ಮೂಲೆ ಅಂಗಡಿಯವನ ತಕ್ಕಡಿಗೆ ಬೀಗ ಹಾಕಿದ್ದು ಇವರೇ."

ಕೆಳಗೆ ಕೂತು ಸೈಕಲ್ಲೊಂದರ ಚೈನ್ ಬಿಚ್ಚುತ್ತಿದ್ದ ಅವಳು ತಲೆ ಎತ್ತಲಿಲ್ಲ. "ಬರಲಿ ಬಿಡಿ ಅತ್ತೆ. ನಾವೇನು ಬದನೆಕಾಯಿ ತೂಗ್ತೀವಾ?"

ಅದು ರೇಸಿಂಗ್ ಸೈಕಲ್ ಮಾರುವ ಅಂಗಡಿ. ಅಪ್ಪ ಯಜಮಾನರು, ಅಪ್ಪನ ತಂಗಿ ಗಲ್ಲಾಕ್ಕೆ, ಅವಳು ಉಳಿದದ್ದೆಲ್ಲಕ್ಕೂ. ಯಾರ ಮೈಗೆ ಯಾವ ಸೈಕಲ್ ಒಪ್ಪುತ್ತದೆ, ಸೀಟು ಎಷ್ಟು ಎತ್ತರವಿರಬೇಕು, ಮಂಡಿ ಎಲ್ಲಿ ಬಗ್ಗಬೇಕು ಎಂದು ಅಳೆದು ಕೂರಿಸುವುದು ಅವಳ ಕೆಲಸ. ಊರಿನ ಸವಾರರೆಲ್ಲ ಅವಳನ್ನು ಸ್ಪ್ಯಾನರಕ್ಕ ಎನ್ನುತ್ತಿದ್ದರು. ಇಪ್ಪತ್ತೊಂಬತ್ತು ವರ್ಷಕ್ಕೆ ಅರವತ್ತು ವರ್ಷದವರಿಗೂ ಅಕ್ಕನಾಗಿದ್ದಳು.

"ಏನು ನೋಡಬೇಕಿತ್ತು ಸಾರ್?"

"ಸೈಕಲ್ಲು. ರಸ್ತೆ ರೇಸಿಂದು. ಒಳ್ಳೇದು." ಪೆಟ್ಟಿಗೆಯನ್ನು ಇನ್ನೊಂದು ಬಗಲಿಗೆ ಬದಲಾಯಿಸಿ, "ಅಂದ್ರೆ, ಇರೋದ್ರಲ್ಲೇ ಒಳ್ಳೇದು," ಎಂದ.

ಅವಳು ನಂಬಲಿಲ್ಲ. ತಪಾಸಣೆಗೆ ಬಂದವರು ಹೀಗೇ ಗಿರಾಕಿಯ ಹಾಗೆ ಮಾತು ತೆಗೆಯುತ್ತಾರೆಂದು ಕೇಳಿದ್ದಳು. ಗೋಡೆಯಿಂದ ಕೆಂಪು ಸೈಕಲ್ ಇಳಿಸಿ, ಸೂರಿನಿಂದ ಇಳಿಬಿದ್ದಿದ್ದ ಕೊಕ್ಕೆಯ ತಕ್ಕಡಿಗೆ ತೂಗುಹಾಕಿದಳು. ಬೆಂಕಿ ಹೊತ್ತಿಕೊಂಡ ಹಾಗಿನ ಕೆಂಪು. ಅವನ ಕಣ್ಣು ಅದರ ಮೇಲೆ ನೆಟ್ಟಿತು. "ಆರು ಕೆಜಿ ಒಂಬೈನೂರು ಗ್ರಾಂ," ಎಂದಳು.

ಅವನು ಸೈಕಲ್ ಬಿಟ್ಟು ತಕ್ಕಡಿಯನ್ನು ನೋಡತೊಡಗಿದ. ಮುಖ ನೋಡಿ ರೋಗ ಹೇಳುವ ವೈದ್ಯರ ಹಾಗೆ. "ಒಂದ್ನಿಮಿಷ ತೊಂದರೆ ಕೊಡ್ಲಾ?"

ಪೆಟ್ಟಿಗೆ ತೆರೆದ. ಒಳಗೆ ಹಸಿರು ಮಖಮಲ್ಲಿನ ಗುಳಿಗಳಲ್ಲಿ ತೂಕದ ಕಲ್ಲುಗಳು, ಮಲಗಿದ ಮಕ್ಕಳ ಹಾಗೆ ದೊಡ್ಡದರಿಂದ ಚಿಕ್ಕದಕ್ಕೆ. ಐದು ಕಿಲೋದ್ದನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ, ಸೈಕಲ್ ಇಳಿಸಿ ಆ ಜಾಗಕ್ಕೆ ಸಿಕ್ಕಿಸಿದ.

"ನಲವತ್ತು ಗ್ರಾಂ ಕಮ್ಮಿ ತೋರಿಸ್ತಿದೆ."

"ಅಂದ್ರೆ ನಾವು ಸೈಕಲ್ ಹಗುರ ಅಂತ ಹೇಳಿ ಮೋಸ ಮಾಡ್ತಿದೀವಿ ಅಂತಾನಾ?"

"ಅಲ್ಲಲ್ಲ. ಮುಳ್ಳು ಸ್ವಲ್ಪ ಹಿಂದೆ ಜಾರಿದೆ ಅಷ್ಟೆ. ದಿನಾ ಭಾರ ಹೊತ್ರೆ ಯಾರಿಗಾದ್ರೂ ಆಗುತ್ತೆ." ಅದನ್ನು ಅವನು ತಕ್ಕಡಿಯ ಪರವಾಗಿ ಕ್ಷಮೆ ಕೇಳುವ ದನಿಯಲ್ಲಿ ಹೇಳಿದ. "ಆಫೀಸು ಹತ್ತಕ್ಕೆ. ಅಲ್ಲೀತನಕ ನಾನು ಬರೀ ಗಿರಾಕಿ, ನೋಟಿಸ್ ಕೊಡೋಕೆ ಬರಲ್ಲ. ಸಣ್ಣ ಸ್ಕ್ರೂಡ್ರೈವರ್ ಇದ್ಯಾ?"

ಕೊಟ್ಟಳು. ಅವನು ಸ್ಟೂಲ್ ಹತ್ತಿ ಮುಳ್ಳನ್ನು ಕೂದಲೆಳೆಯಷ್ಟು ಮುಂದೆ ತಂದ. ಅವಳು ಅವನ ಕೈ ನೋಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಸ್ಕ್ರೂ ತಿರುಗಿಸಿದವಳಿಗೆ ಒಂದು ಗೊತ್ತು, ಒತ್ತಿ ತಿರುಗಿಸುವವರು ಬೇಕಾದಷ್ಟು ಜನ, ಎಲ್ಲಿ ನಿಲ್ಲಿಸಬೇಕೆಂದು ತಿಳಿದವರು ಕಡಿಮೆ. ಅವನ ಬೆರಳು ಸರಿಯಾದ ಜಾಗದಲ್ಲಿ ನಿಂತಿತು.

"ಆರು ಕೆಜಿ ಒಂಬೈನೂರ ನಲವತ್ತು," ಎಂದು ತಾನೇ ತಿದ್ದಿಕೊಂಡಳು.

ಅವನು ಸ್ಟೂಲಿನ ಮೇಲಿಂದಲೇ ನಕ್ಕ. ಬೀಗ ಹಾಕುವವನ ನಗು ಹಾಗಿರುತ್ತದೆಂದು ಅವಳು ಎಣಿಸಿರಲಿಲ್ಲ.

*

ಆ ಅಂಗಡಿಗೆ ಒಂದು ಕಟ್ಟಳೆಯಿತ್ತು. ಅಪ್ಪನದು.

"ನೋಡಿ ಸಾಹೇಬ್ರೇ, ಕಣ್ಣು ಸೈಕಲ್ ಕೊಂಡ್ರೆ ಮೈ ಅನುಭವಿಸಬೇಕಾಗುತ್ತೆ," ಎಂದು ಅಪ್ಪ ಒಳಗಿನಿಂದ ಕುಂಟುತ್ತ ಬಂದು ಹೇಳಿದರು. "ನಿಮ್ಮ ಕಣ್ಣು ಆಗ್ಲೇ ಕೆಂಪದರ ಮೇಲೆ ಬಿದ್ದಿದೆ. ಅದಕ್ಕೇ ನಾವು ಹೆಸರು, ಬಣ್ಣ ಎರಡೂ ಮುಚ್ಚಿಬಿಡ್ತೀವಿ."

ಕೊಳ್ಳಬೇಕೆಂದಿರುವ ಮೂರು ಸೈಕಲ್ಲಿಗೂ ತಲೆಯಿಂದ ಬಾಲದವರೆಗೆ ಕಪ್ಪು ಟೇಪ್ ಸುತ್ತುವುದು. ಅ, ಆ, ಇ ಎಂದು ಚೀಟಿ ಅಂಟಿಸುವುದು. ಮೂರಕ್ಕೂ ಒಂದೇ ಜೊತೆ ಚಕ್ರವನ್ನು ಬದಲಾಯಿಸಿ ಹಾಕುವುದು, ಟೈರಿನಲ್ಲಿ ಒಂದೇ ಗಾಳಿ, ಸೀಟಿಗೆ ಒಂದೇ ಎತ್ತರ. ಆಮೇಲೆ ಊರ ಹೊರಗಿನ ನೀರಿನ ಟ್ಯಾಂಕಿನ ದಿಬ್ಬವನ್ನು ಪ್ರತಿಯೊಂದರಲ್ಲೂ ಮೂರು ಸಲ, ದಿನಕ್ಕೊಂದು ಸಲದಂತೆ ಹತ್ತುವುದು. ಒಟ್ಟು ಒಂಬತ್ತು ಸವಾರಿ. ಅಂಗಡಿಯವರೊಬ್ಬರು ಸ್ಟಾಪ್‌ವಾಚ್ ಹಿಡಿದು ಹಿಂದೆ ಬರುತ್ತಾರೆ. ಬಂದು ಪುಸ್ತಕದಲ್ಲಿ ಬರೆಯುತ್ತಾರೆ.

"ಗಾಳಿ ಬೀಸಿದ ದಿನ?" ಎಂದು ಅವನು ಕೇಳಿದ. ಎಲ್ಲರೂ ಕೇಳುವುದು ಬೆಲೆಯನ್ನು. ಇದನ್ನು ಕೇಳಿದ ಮೊದಲ ಗಿರಾಕಿ ಅವನೇ.

ಅಪ್ಪನ ಮುಖ ಅರಳಿತು. "ದಿಬ್ಬದ ತುದೀಲಿ ಟ್ಯಾಂಕ್ ಕಾಯೋನ ಗುಡಿಸಲಿದೆ. ಅವನ ಹತ್ರ ಇರೋದು ಎರಡೇ ಅಂಗಿ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಹಗ್ಗದ ಮೇಲಿನ ಅಂಗಿಯ ತೋಳು ಎದ್ದಿದ್ರೆ ಆ ದಿನದ ಸವಾರಿ ಲೆಕ್ಕಕ್ಕಿಲ್ಲ. ಮತ್ತೆ ಹತ್ತಬೇಕು."

ಪುಸ್ತಕವೆಂದರೆ ದಪ್ಪ ರಟ್ಟಿನದು, ಮೂವತ್ತೊಂದು ವರ್ಷದ್ದು. ದಿನಾ ಬೆಳಿಗ್ಗೆ ಅಪ್ಪ ಷಟರ್ ಎತ್ತಿ, ಆ ಪುಸ್ತಕದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರು. ಏನು ಬೇಡುತ್ತೀರೆಂದು ಚಿಕ್ಕವಳಿದ್ದಾಗ ಕೇಳಿದ್ದಳು. "ಇವತ್ತು ಇದರಲ್ಲಿ ಇರೋದನ್ನೇ ಬರೆಸು ಅಂತ, ಅಷ್ಟೇ ಮಗಳೇ," ಎಂದಿದ್ದರು.

ಅಪ್ಪನ ಮಂಡಿ ಸೋತಿತ್ತು. ಬರುವ ತಿಂಗಳ ಮೊದಲ ದಿನದಿಂದ ಅಂಗಡಿ ಅವಳದು. "ಅಂಗಡಿ ಯಾರಿಗಾದ್ರೂ ಕೊಡಬಹುದು. ಪುಸ್ತಕ ಮಾತ್ರ ಸುಳ್ಳು ಬರೆಯದ ಕೈಗೇ," ಎನ್ನುತ್ತಿದ್ದರು. ಹಾಗೆನ್ನುವಾಗ ಅವಳನ್ನು ನೋಡುತ್ತಿದ್ದ ನೋಟಕ್ಕೆ ಅವಳು ಹದಿನಾಲ್ಕು ವರ್ಷ ದುಡಿದಿದ್ದಳು.

*

ಅ ಸೈಕಲ್ಲಿನ ಮೊದಲ ಸವಾರಿ. ಇಬ್ಬನಿ ಇನ್ನೂ ಹುಲ್ಲು ಬಿಟ್ಟಿರಲಿಲ್ಲ.

ಅವನು ಮುಂದೆ, ಅವಳು ತನ್ನ ಹಳೇ ಸೈಕಲ್ಲಿನಲ್ಲಿ ಹಿಂದೆ. ಹಿಂದಿನಿಂದ ನೋಡುವುದೇ ಅವಳ ವಿದ್ಯೆ. ಮುಖ ಏನನ್ನಾದರೂ ಮರೆಮಾಡೀತು, ಬೆನ್ನು ಮಾಡಲಾರದು. ಸೊಂಟ ಅಲುಗಿದರೆ ಸೀಟು ಎತ್ತರ, ಮಂಡಿ ಹೊರಗೆ ಹೋದರೆ ತಗ್ಗು. ಅವನ ಸೊಂಟ ಅಲುಗಲಿಲ್ಲ, ಮಂಡಿ ಹೊರಗೆ ಹೋಗಲಿಲ್ಲ. ಆದರೂ ದಿಬ್ಬ ಮುಗಿಯಲು ಏಳು ನಿಮಿಷ ಮೂವತ್ತು ಸೆಕೆಂಡು. ಇಷ್ಟು ಗಟ್ಟಿ ಕಾಲಿರುವವನಿಗೆ ಅದು ಹೆಚ್ಚಾಯಿತು.

"ಹೇಗಿತ್ತು?" ಟ್ಯಾಂಕಿನ ನೆರಳಿನ ಕಲ್ಲುಬೆಂಚಿನ ಮೇಲೆ ಫ್ಲಾಸ್ಕಿನ ಚಹಾ ಬಗ್ಗಿಸುತ್ತ ಕೇಳಿದಳು.

"ಕಟ್ಟುನಿಟ್ಟಿನ ಮೇಷ್ಟ್ರ ಥರ. ಒಂದು ತಪ್ಪೂ ಬಿಡಲ್ಲ."

ಅವಳು ಹಾಗೇ ಬರೆದುಕೊಂಡಳು. ನೀಲಿ ಅಂಗಿ ಹಗ್ಗದ ಮೇಲೆ ತೋಳು ಇಳಿಬಿಟ್ಟು ನಿದ್ದೆ ಮಾಡುತ್ತಿತ್ತು.

"ನಿಮ್ಮನ್ನ ಎಲ್ಲರೂ ಸ್ಪ್ಯಾನರಕ್ಕ ಅಂತಾರಂತೆ. ನಾನೂ ಹಾಗೇ ಕರೀಲಾ?"

"ಸ್ಪ್ಯಾನರ್ ಅನ್ನಿ. ಅಕ್ಕ ಬೇಡ."

ಹೇಳಿದ ಮೇಲೆ, ಮಾತು ಬೇಗ ಬಂತಲ್ಲ ಎನ್ನಿಸಿ ಫ್ಲಾಸ್ಕಿನ ಮುಚ್ಚಳವನ್ನು ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು ತಿರುಗಿಸಿದಳು. ಅವನು ಚಹಾದ ಲೋಟದೊಳಗೆ ನೋಡುತ್ತ ನಗು ನುಂಗಿದ. ನುಂಗಿದ್ದು ಕಿವಿಯ ಹತ್ತಿರ ಕೆಂಪಗೆ ಮೇಲೆ ಬಂತು.

ಅ ಮುಗಿದು ಆ ಬಂತು. "ಇದು ನಾವು ಕೇಳೋ ಮುಂಚೇನೇ ಉತ್ತರ ಕೊಡುತ್ತೆ," ಎಂದ. "ಜಾಣ. ಆದ್ರೆ ಸ್ವಲ್ಪ ಆತುರ."

ಆದರೂ ಸಮಯ ಏಳು ಇಪ್ಪತ್ತೈದು, ಏಳು ಮೂವತ್ತೆರಡು. ಎಲ್ಲೋ ತನ್ನ ಅಳತೆಯೇ ತಪ್ಪಿದೆಯೆಂದುಕೊಂಡು ಅವಳು ಅವನನ್ನು ಅಂಗಡಿಯ ಸ್ಟ್ಯಾಂಡಿನ ಮೇಲೆ ಮತ್ತೆ ಕೂರಿಸಿದಳು. ಮಂಡಿಯಿಂದ ದಾರದ ಗುಂಡು ಇಳಿಬಿಟ್ಟು ನೋಡಿದಳು. ಮೂರು ಸೈಕಲ್ಲಿನ ಸೀಟನ್ನೂ ಎರಡು ಮಿಲಿಮೀಟರ್ ಏರಿಸಿದಳು. ಮರುದಿನ ಏಳು ಮೂವತ್ತೈದು. ಒಂದು ಮಿಲಿಮೀಟರ್ ಇಳಿಸಿದಳು. ಏಳು ನಲವತ್ತು.

"ಎಲ್ಲಾದ್ರೂ ನೋವಾ?"

"ಇಲ್ಲ."

"ಉಸಿರು ಸಾಲ್ತಿಲ್ವಾ?"

"ಸಾಲುತ್ತೆ." ಆ ಹೊತ್ತಿಗೆ ಅವನು ಮಣ್ಣಲ್ಲಿ ಸಾಗುತ್ತಿದ್ದ ಇರುವೆಯೊಂದನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಒಂದು ದಿನ ಅವಳೇ ಕೇಳಿದಳು. "ಇಷ್ಟು ದುಬಾರಿ ಸೈಕಲ್ ಯಾಕೆ ನಿಮಗೆ? ಮನೇಲಿ ಹಳೇದಿದೆ ಅಂದ್ರಿ."

"ಅಣ್ಣ ಬಿಟ್ಟುಹೋದದ್ದು ಇದೆ, ಕಬ್ಬಿಣದ್ದು. ಹನ್ನೆರಡು ವರ್ಷದಿಂದ ಎಲ್ಲರ ತೂಕ ಸರಿ ಇದ್ಯಾ ಅಂತ ನೋಡ್ತಾ ಬಂದೆ. ಬರೋ ವರ್ಷ ಇನ್ನೂರು ಕಿಲೋಮೀಟರ್ ರೇಸಿದೆ, ಯಾರು ಬೇಕಾದ್ರೂ ಸೇರಬಹುದು. ಒಂದ್ಸಲ ನನ್ನನ್ನೂ ತೂಗಿ ನೋಡ್ಕೊಳ್ಳೋಣ ಅನ್ನಿಸ್ತು." ಲೋಟವನ್ನು ಬೆಂಚಿನ ಮೇಲಿಟ್ಟು, "ನನ್ನ ಕಂಡ್ರೆ ಅಂಗಡಿಯವರೆಲ್ಲ ಮುಖ ಗಂಟು ಹಾಕ್ಕೋತಾರೆ. ನಗುಮುಖದಿಂದ ಬಾಗಿಲು ತೆಗೆದ ಅಂಗಡಿ ನೋಡಿದ್ದು ಕಮ್ಮಿ," ಎಂದ.

"ನಾನೂ ಮೊದಲನೇ ದಿನ ಮುಖ ಗಂಟು ಹಾಕಿದ್ದೆ."

"ಹೌದು. ಆದ್ರೆ ನೀವು ಸ್ಕ್ರೂಡ್ರೈವರ್ ಕೊಟ್ರಿ."

ಮೇಲಿರುವವನು ಮನುಷ್ಯರನ್ನು ಜೊತೆ ಮಾಡುವಾಗ ಎಂಥ ಸಣ್ಣ ಸಾಮಾನುಗಳನ್ನು ಬಳಸುತ್ತಾನೋ. ಅವಳಿಗೆ ಆ ದಿನವೆಲ್ಲ ಆ ಸ್ಕ್ರೂಡ್ರೈವರ್ ಕೈಗೆ ಸಿಕ್ಕಾಗಲೆಲ್ಲ ಬೆಚ್ಚಗಿದ್ದ ಹಾಗೆ ಅನ್ನಿಸಿತು.

*

ಇ ಸೈಕಲ್ಲಿನ ಬಗ್ಗೆ ಅವನು ಮೊದಲ ದಿನ ಏನೂ ಹೇಳಲಿಲ್ಲ. ಎರಡನೇ ದಿನ, "ಇದು ನಾನು ಹೇಳೋದನ್ನ ಪೂರ್ತಿ ಕೇಳಿಸ್ಕೊಳ್ಳುತ್ತೆ," ಎಂದ. ಹಾಗೆನ್ನುವಾಗ ಅವನು ಸೈಕಲ್ ನೋಡುತ್ತಿರಲಿಲ್ಲ.

ಒಂಬತ್ತನೆಯ ಸವಾರಿಯ ಬೆಳಿಗ್ಗೆ ಗಾಳಿ ಎಂಬುದು ಲೋಕದಲ್ಲೇ ಇರಲಿಲ್ಲ. ಎಲೆ ಅಲುಗಲಿಲ್ಲ. ನೀಲಿ ಅಂಗಿ ನೇರ ಇಳಿದಿತ್ತು. ಏಳು ನಿಮಿಷ ಮೂವತ್ತೆಂಟು. ಅವನು ಅವಸರದಲ್ಲಿದ್ದ, ಆಫೀಸಿನಲ್ಲಿ ಸಭೆಯಂತೆ. ಕೈಬೀಸಿ ದಿಬ್ಬ ಇಳಿದು ಹೋದ.

ಅಂಗಡಿಗೆ ಬಂದು ಪುಸ್ತಕ ತೆರೆದಳು. ಈ ಒಂದು ಸಾಲು ಬರೆದರೆ ಮುಗಿಯಿತು. ಮಧ್ಯಾಹ್ನ ಅಪ್ಪ ಕೂಡಿ ಭಾಗಿಸಿ ಹೇಳುತ್ತಾರೆ. ಸಂಜೆ ಅವನು ಬಂದು ಟೇಪ್ ಬಿಡಿಸಿ ಸೈಕಲ್ ತೆಗೆದುಕೊಂಡು ಹೋಗುತ್ತಾನೆ. ನಾಳೆ ಬೆಳಿಗ್ಗೆ ದಿಬ್ಬವಿರುತ್ತದೆ, ಟ್ಯಾಂಕಿರುತ್ತದೆ, ಬೆಂಚಿರುತ್ತದೆ.

ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆಯಿತು. "ಅಂಗಿಯ ತೋಳು ಎದ್ದಿತ್ತು. ಲೆಕ್ಕಕ್ಕಿಲ್ಲ."

ಶಾಯಿ ಒಣಗುವಷ್ಟರಲ್ಲಿ ಎದೆ ಭಾರವಾಯಿತು. ಆದರೆ ಬೆಳಗಾದರೆ ಅವನು ಮತ್ತೆ ಬರುತ್ತಾನಲ್ಲ ಎಂಬುದು ಆ ಭಾರದ ಮೇಲೆ ಹಗುರವಾಗಿ ಕೂತುಕೊಂಡಿತು.

ಮರುದಿನ ಹತ್ತಿದರು. ಅವನು ಅವತ್ತು ತನ್ನ ತಾಯಿಯ ವಿಷಯ ಹೇಳಿದ. ಆಕೆ ಮಗ ಉಪ್ಪಿನ ಡಬ್ಬಿಯನ್ನೂ ತೂಗುತ್ತಾನೆಂದು ಅಕ್ಕಪಕ್ಕದವರಿಗೆಲ್ಲ ದೂರು ಹೇಳುತ್ತಾರಂತೆ. ಅವಳು ನಕ್ಕು ನಕ್ಕು ಚಹಾ ಚೆಲ್ಲಿದಳು. ಇಳಿದು ಬಂದು, ಈ ಸಲ ಪೆನ್ನನ್ನು ನಿಲ್ಲಿಸಲೂ ಇಲ್ಲ. "ಅಂಗಿಯ ತೋಳು ಎದ್ದಿತ್ತು. ಲೆಕ್ಕಕ್ಕಿಲ್ಲ."

"ಈ ವಾರ ಗಾಳಿ ಜೋರು ಅಲ್ವಾ?" ಎಂದರು ಅತ್ತೆ, ಹೆಣಿಗೆಯ ಕುಣಿಕೆ ಎಣಿಸುತ್ತ. "ನನ್ನ ಮಹಡಿ ಮೇಲಿನ ಬಟ್ಟೆ ಮಾತ್ರ ಎರಡು ದಿನದಿಂದ ಒಣಗ್ತಾನೇ ಇಲ್ಲ."

ಅವಳು ಕೇಳಿಸದವಳ ಹಾಗೆ ಚಕ್ರ ತಿರುಗಿಸಿದಳು.

*

ಮರುದಿನ ದಿಬ್ಬ ಹತ್ತುವ ಮೊದಲು ಅವನು ಅಂಗಡಿಗೆ ಬಂದ. ಅಪ್ಪ ಇನ್ನೂ ಬಂದಿರಲಿಲ್ಲ. "ಪುಸ್ತಕ ನೋಡಬಹುದಾ?" ಎಂದ. ಗಿರಾಕಿಗೆ ಆ ಹಕ್ಕಿತ್ತು.

ನಿಂತೇ ಓದಿದ. ಬೆರಳಿನಿಂದ ಸಾಲು ಹಿಡಿದು ಕೆಳಗಿಳಿದು, ಕೊನೆಯಲ್ಲಿ ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಅದೇ ಬೆರಳು.

"ಒಂಬತ್ತನೇದು ಎರಡು ಸಲ ಲೆಕ್ಕಕ್ಕಿಲ್ಲ ಅಂತಿದೆ."

"ಗಾಳಿ," ಎಂದಳು.

"ಮೊದಲನೇ ದಿನ ನಾನು ಅವಸರದಲ್ಲಿದ್ದೆ, ನೋಡಲಿಲ್ಲ. ಇದ್ರೂ ಇರಬಹುದು." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನಿನ್ನೆ ಕಾವಲಿನವನು ತಂಗಿ ಮನೆಗೆ ಹೋಗಿದ್ದ. ಹಗ್ಗದ ಮೇಲೆ ಅಂಗಿನೇ ಇರಲಿಲ್ಲ."

ಗಲ್ಲಾದಲ್ಲಿ ಅತ್ತೆಯ ಕಡ್ಡಿ ನಿಂತಿತು.

"ಮೂರನೇ ಸೈಕಲ್ ಗೆಲ್ಲಬಾರದು ಅಂತಾನಾ? ಬೇರೆ ಯಾವುದಾದ್ರೂ ಮಾರಬೇಕಿದ್ಯಾ?"

"ಅಲ್ಲ," ಎಂದಳು. ಕಾರಣ ಹೇಳಿದರೆ ನಿಜ, ಆದರೆ ಸಿಕ್ಕಿಬಿದ್ದವಳು ಹೇಳುವ ನಿಜ. ಯಾರು ನಂಬುತ್ತಾರೆ?

ಅವನು ಪುಸ್ತಕ ಮುಚ್ಚಿ ಅದರ ಜಾಗದಲ್ಲೇ ಸರಿಯಾಗಿ ಇಟ್ಟ. "ಹತ್ತು ಗ್ರಾಂ ಹೆಚ್ಚುಕಮ್ಮಿಗೆ ಬೀಗ ಹಾಕೋನು ನಾನು. ಇದನ್ನ ಏನು ಮಾಡಬೇಕು ಅಂತ ಗೊತ್ತಾಗ್ತಿಲ್ಲ," ಎಂದು ಹೇಳಿ ಹೊರಟುಹೋದ.

ಆ ದಿನ ದಿಬ್ಬಕ್ಕೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಕಪ್ಪು ಟೇಪ್ ಸುತ್ತಿಕೊಂಡ ಮೂರು ಸೈಕಲ್ಲುಗಳು ಗೋಡೆಗೆ ಒರಗಿ, ಯಾರನ್ನೋ ಕೇಳಬೇಕಾದ ಪ್ರಶ್ನೆ ಕೇಳದೆ ನಿಂತ ನೆಂಟರ ಹಾಗೆ ಇದ್ದವು.

"ನಿಮ್ಮಪ್ಪಂಗೆ ನಾನು ಹೇಳಲ್ಲ," ಎಂದರು ಅತ್ತೆ. "ನಾನು ಹೇಳೋದ್ರಿಂದ ನಿನ್ನ ಹೊಟ್ಟೆ ತಣ್ಣಗಾಗಲ್ಲ."

ಮೂರನೆಯ ಬೆಳಿಗ್ಗೆ ಅಪ್ಪ ಪುಸ್ತಕದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪ, ಅದರಲ್ಲಿ ನಾನು ಇಲ್ಲದ್ದು ಬರೆದಿದೀನಿ. ಎರಡು ಸಲ."

ಅಪ್ಪ ಕಣ್ಣು ತೆರೆಯಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ದಿಬ್ಬ, ಚಹಾ, ಅಂಗಿ. ಯಾಕೆ ಎಂಬುದನ್ನು ಮಾತ್ರ ಹೇಳಲು ಹೋಗಿ ನಿಲ್ಲಿಸಿದಳು. ಅದನ್ನು ಅಪ್ಪ ಕೇಳಲಿಲ್ಲ.

ಕಣ್ಣು ತೆರೆದು ಅವರು ಪುಸ್ತಕ ಎತ್ತಿ ಅವಳ ಕೈಗೆ ಕೊಟ್ಟರು. "ಯಾರದ್ದನ್ನ ತಪ್ಪಾಗಿ ಬರೆದ್ಯೋ ಅವರ ಎದುರಿಗೇ ತಿದ್ದಬೇಕು."

"ಫೋನ್ ಮಾಡಿ ಹೇಳ್ಲಾ ಅಪ್ಪ?"

"ಫೋನಲ್ಲಿ ಬರೆದ್ಯೇನು ಸುಳ್ಳನ್ನ?"

*

ಅಳತೆ-ತೂಕದ ಆಫೀಸಿನಲ್ಲಿ ಉದ್ದದ ಸಾಲು. ಒಬ್ಬರ ಕೈಯಲ್ಲಿ ಎಣ್ಣೆ ಅಳೆಯುವ ಡಬ್ಬಿ, ಒಬ್ಬರ ಹೆಗಲ ಮೇಲೆ ಕಬ್ಬಿಣದ ತಕ್ಕಡಿ. ವರ್ಷಕ್ಕೊಮ್ಮೆ ಮುದ್ರೆ ಒತ್ತಿಸಿಕೊಂಡು ಹೋಗುವವರು. ಅವಳು ಪುಸ್ತಕವನ್ನು ಎದೆಗವಚಿಕೊಂಡು ಸಾಲಿನ ಕೊನೆಗೆ ನಿಂತಳು. ಅವಳ ಹಿಂದೆ ಹೂ ಮಾರುವ ಅಜ್ಜಿಯೊಬ್ಬಳು ಮೊಳದ ಕೋಲು ಹಿಡಿದು ಬಂದು ನಿಂತಳು.

ಕೌಂಟರಿನಾಚೆ ಅವನು ತಲೆ ತಗ್ಗಿಸಿ ಬರೆಯುತ್ತಿದ್ದ. ಎರಡು ದಿನ ನಿದ್ದೆಯಿಲ್ಲದ ಮುಖ.

"ಮುಂದಿನವರು. ಏನು ತಂದಿದೀರಾ?"

"ಒಂದು ತಪ್ಪು ಅಳತೆ," ಎಂದಳು.

ಪೆನ್ನು ನಿಂತಿತು. ಅವನು ತಲೆ ಎತ್ತುವ ಮೊದಲೇ ಅವಳು ಪುಸ್ತಕ ತೆರೆದು, ಎರಡು ಸಾಲನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಅವಸರಕ್ಕೆ ಎರಡನೇ ಗೆರೆ ಸೊಟ್ಟಗಾಯಿತು. ಕೆಳಗೆ ಬರೆದು ಅವನ ಕಡೆ ತಿರುಗಿಸಿದಳು.

"ಎರಡು ದಿನವೂ ಗಾಳಿ ಇರಲಿಲ್ಲ. ಸವಾರ ನಾಳೆಯೂ ಬರಲಿ ಎಂದು ಬರೆದವಳಿಗೆ ಅನ್ನಿಸಿತ್ತು."

ಅವನು ಓದಿದ. ಮತ್ತೊಮ್ಮೆ ಓದಿದ. ಕಿವಿಯ ಬಳಿ ಆ ಕೆಂಪು ಏರಿತು. ಆಮೇಲೆ ಮೇಜಿನ ಡ್ರಾಯರ್ ಎಳೆದು ತನ್ನ ಸಣ್ಣ ನೋಟುಪುಸ್ತಕ ತೆಗೆದು ಅವಳ ಮುಂದಿಟ್ಟ.

ಅಚ್ಚುಕಟ್ಟಾದ ಅಕ್ಷರ. ಅ, ಆ, ಇ. ಏಳು ಮೂವತ್ತು, ಏಳು ಇಪ್ಪತ್ತೈದು, ಏಳು ನಲವತ್ತು. ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಕೆಳಗೆ ಬೇರೆಯಾಗಿ ಒಂದು ಸಾಲಿತ್ತು. "ಅಣ್ಣನ ಕಬ್ಬಿಣದ ಸೈಕಲ್. ಭಾನುವಾರ. ಒಬ್ಬನೇ. ಆರು ನಿಮಿಷ ಐವತ್ತು."

ಅವಳು ಸಾಲನ್ನು ನೋಡಿದಳು, ಅವನನ್ನು ನೋಡಿದಳು. ಏರಿಸಿದ ಎರಡು ಮಿಲಿಮೀಟರ್, ಇಳಿಸಿದ ಒಂದು ಮಿಲಿಮೀಟರ್, ದಾರದ ಗುಂಡು, ಎಲ್ಲ ನೆನಪಾಯಿತು.

"ನೀವು ಬೇಕಂತಾನೇ ನಿಧಾನ ಹೊಡೀತಿದ್ರಾ?"

"ದಿಬ್ಬ ಬೇಗ ಮುಗಿದುಹೋಗ್ತಿತ್ತು."

"ನಾನು ನಿಮ್ಮ ಸೀಟನ್ನ ಎರಡು ಸಲ ಬಿಚ್ಚಿ ಕಟ್ಟಿದೀನಿ."

"ಗೊತ್ತು. ಪ್ರತಿ ಸಲ ಹೇಳಬೇಕು ಅಂದ್ಕೊಂಡೆ." ಅವನು ದನಿ ತಗ್ಗಿಸಿದ. "ಅವತ್ತು ನಿಮಗೆ ಅಷ್ಟು ಮಾತಾಡಿ ಹೊರಟೆ. ಬೀದಿ ದಾಟೋದ್ರೊಳಗೆ ಈ ಪುಸ್ತಕ ನೆನಪಾಯ್ತು. ನೀವು ಬರೆದದ್ದು ಎರಡೇ ಸಾಲು. ನಾನು ಅಷ್ಟೂ ದಿನ ಸುಳ್ಳು ತುಳಿದಿದೀನಿ. ಯಾವ ಮುಖ ಇಟ್ಕೊಂಡು ಬರಲಿ? ಎರಡು ದಿನದಿಂದ ಯಾರ ತಕ್ಕಡಿಗೂ ಧೈರ್ಯವಾಗಿ ಮುದ್ರೆ ಒತ್ತೋಕೆ ಆಗಿಲ್ಲ."

ಹೂವಿನಜ್ಜಿ ಹಿಂದಿನಿಂದ ಕೋಲಿನಲ್ಲಿ ಕೌಂಟರ್ ತಟ್ಟಿದಳು. "ಸಾಹೇಬ್ರೇ, ನಿಮ್ಮಿಬ್ಬರ ತಕ್ಕಡಿ ಸರಿಯಾಗಿದ್ರೆ ನನ್ನ ಕೋಲು ನೋಡ್ತೀರಾ? ಹೂ ಬಾಡ್ತಾ ಇದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನು ಕೋಲು ತೆಗೆದುಕೊಂಡು ಅಳೆದು, ಧೈರ್ಯವಾಗಿ ಮುದ್ರೆ ಒತ್ತಿದ. ಅಜ್ಜಿ ಹೋಗುವಾಗ ಬುಟ್ಟಿಯಿಂದ ಒಂದು ಹೂ ತೆಗೆದು ಅವಳ ಪುಸ್ತಕದ ಆ ಪುಟದಲ್ಲಿಟ್ಟು ಮುಚ್ಚಿದಳು. "ಗುರುತಿಗಿರಲಿ," ಎಂದಳು.

*

"ನಿಮ್ಮಿಬ್ಬರನ್ನೂ ನಂಬೋ ಹಾಗಿಲ್ಲ," ಎಂದರು ಅಪ್ಪ, ಕೇಳಿದ ಮೇಲೆ. "ಮೊದಲಿಂದ ಆಗಲಿ. ಈ ಸಲ ಹಿಂದೆ ಬರೋನು ನಾನು."

ಅಪ್ಪ ಸ್ಕೂಟರ್ ಹತ್ತಿ, ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡು ಹೊಸದಾಗಿ ಒಂಬತ್ತು ಬೆಳಿಗ್ಗೆ ದಿಬ್ಬ ಹತ್ತಿದರು. ಅವನು ನಿಧಾನವಾದಾಗಲೆಲ್ಲ ಹಾರ್ನ್ ಹೊಡೆದರು. "ಸಾಹೇಬ್ರೇ, ಹಿಂದೆ ಇರೋನು ಮುದುಕ, ನೆನಪಿರಲಿ," ಎಂದು ಕೂಗುವುದು ದಿಬ್ಬದ ಕೆಳಗೆ ನಿಂತ ಅವಳವರೆಗೂ ಕೇಳಿಸುತ್ತಿತ್ತು. ಅ, ಆರು ಮೂವತ್ತನಾಲ್ಕು. ಆ, ಆರು ಮೂವತ್ತೊಂದು. ಇ, ಮೂರು ದಿನವೂ ಆರು ಇಪ್ಪತ್ತರ ಒಳಗೆ.

ತಿಂಗಳ ಕೊನೆಯ ದಿನ ಟೇಪ್ ಬಿಡಿಸಿದರು. ಅವನು ಆಸೆಪಟ್ಟ ಕೆಂಪು, ಅ ಆಗಿತ್ತು. ಇ ಎಂಬುದು ಮಳೆ ಬರುವ ಮುಂಚಿನ ಆಕಾಶದ ಬಣ್ಣ, ಯಾರೂ ಎರಡನೇ ಸಲ ತಿರುಗಿ ನೋಡದಂಥದ್ದು. ಅವನು ಅದರ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತ.

"ಬೇಜಾರಾಯ್ತಾ?" ಎಂದಳು.

"ಇಲ್ಲ. ಕಣ್ಣು ಮುಚ್ಚಿ ಆರಿಸಿದ್ದು ಸರಿಯಾಗಿದೆ ಅಂತ ನೋಡ್ತಿದೀನಿ."

ಪುಸ್ತಕದಲ್ಲಿ ಕೊನೆಯ ಸಾಲು ಬರೆಯಬೇಕಿತ್ತು. ಅವಳು ಪೆನ್ನನ್ನು ಅಪ್ಪನ ಕಡೆ ಚಾಚಿದಳು. ಸುಳ್ಳು ಬರೆದ ಕೈಗೆ ಅದು ಸಿಗುವುದಿಲ್ಲವೆಂದು ಮನಸ್ಸಿಗೆ ಹೇಳಿಕೊಂಡಾಗಿತ್ತು. ಅಪ್ಪ ಪೆನ್ನು ತೆಗೆದುಕೊಳ್ಳಲಿಲ್ಲ. ಹೂವಿದ್ದ ಪುಟವನ್ನು ತೆಗೆದು, ಆ ಸೊಟ್ಟ ಗೆರೆಯನ್ನು ಹೆಬ್ಬೆರಳಿನಿಂದ ಸವರಿದರು.

"ಮೂವತ್ತೊಂದು ವರ್ಷದಲ್ಲಿ ಇದರಲ್ಲಿ ಹೊಡೆದುಹಾಕಿದ ಸಾಲು ಇವೆರಡೇ," ಎಂದರು. "ಸಾಲಲ್ಲಿ ನಿಂತು ಹೊಡೆದುಹಾಕಿ ಬಂದೆ. ನೀನೇ ಬರಿ ಮಗಳೇ. ನಾಳೆಯಿಂದ ಬೆಳಿಗ್ಗೆ ಬೇಡ್ಕೊಳ್ಳೋದೂ ನಿಂದೇ."

ಅವಳು ಬರೆದಳು. ಅಕ್ಷರ ಸ್ವಲ್ಪ ಕಲಸಿಹೋಯಿತು, ಏಕೆಂದರೆ ಕಾಗದ ಒಂದು ಕಡೆ ಒದ್ದೆಯಾಗಿತ್ತು. ಅತ್ತೆ ಗಲ್ಲಾದಿಂದ ಎದ್ದು ಬಂದು, ಹೆಣೆದು ಮುಗಿಸಿದ ಸ್ವೆಟರನ್ನು ಅವನ ಬೆನ್ನಿಗೆ ಹಿಡಿದು ನೋಡಿದರು.

"ಸರಿಯಾಗುತ್ತೆ," ಎಂದರು. "ಮೊದಲನೇ ದಿನವೇ ಕಣ್ಣಳತೆ ಹಾಕಿದ್ದೆ. ನನಗೆ ಟೇಪೂ ಬೇಡ, ಗುಂಡೂ ಬೇಡ."

ಮರುದಿನ ಬೆಳಿಗ್ಗೆ ಇಬ್ಬರೂ ದಿಬ್ಬ ಹತ್ತಿದರು. ಸ್ಟಾಪ್‌ವಾಚ್ ಅಂಗಡಿಯ ಮೊಳೆಯಲ್ಲೇ ಉಳಿಯಿತು. ಈ ಸಲ ಹಿಂದೆ ಮುಂದೆ ಇರಲಿಲ್ಲ, ಅಕ್ಕಪಕ್ಕ. ಎಷ್ಟು ಹೊತ್ತಾಯಿತೋ ಆ ದೇವರಿಗೇ ಗೊತ್ತು.

ತುದಿಯಲ್ಲಿ ಗಾಳಿ ನಿಜವಾಗಿಯೂ ಎದ್ದಿತ್ತು. ಹಗ್ಗದ ಮೇಲೆ ನೀಲಿ ಅಂಗಿ ಎರಡೂ ತೋಳು ಎತ್ತಿ, ದೂರದಿಂದ ಬಂದ ನೆಂಟರನ್ನು ಕರೆಯುವ ಹಾಗೆ ಬೀಸುತ್ತಿತ್ತು.

"ನೋಡಿ," ಎಂದಳು.

ಅವನು ನೋಡಿದ. ಆಮೇಲೆ ಹ್ಯಾಂಡಲ್ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ.

"ಇವತ್ತಿನದು ಲೆಕ್ಕಕ್ಕಿಲ್ಲ ಸ್ಪ್ಯಾನರ್. ನಾಳೆ ಮತ್ತೆ ಹತ್ತಬೇಕು."

"ನಾಳೆಯೂ ಗಾಳಿ ಬಂದ್ರೆ?"

"ನಾಳಿದ್ದು."

"ಆಮೇಲೆ?"

ಅವನು ಯೋಚಿಸಿದ. ಯಾವುದನ್ನೂ ಅಳೆಯದೆ ಹೇಳುವವನಲ್ಲ. "ನಿಮ್ಮ ಮಂಡಿ ಸೋಲೋವರೆಗೂ," ಎಂದ. "ಆಮೇಲೆ ಸ್ಕೂಟರ್ ತಗೊಳ್ಳೋಣ."

ಅವಳು ಕೈ ತೆಗೆಯಲಿಲ್ಲ. "ತಗೊಳ್ಳೋ ಮುಂಚೆ ಮೂರು ನೋಡಬೇಕು," ಎಂದಳು.